ನೇಕಾರನ ಮಗಳ ಮೂರು ಸುತ್ತು

ಶಿಷ್ಯೆ ಕೇಳಿದಳು: "ಗುರುಗಳೇ, ಸ್ಕೇಟಿಂಗ್‌ನಲ್ಲಿ ಜಿಗಿತ ದೊಡ್ಡದೋ, ಕುಣಿತ ದೊಡ್ಡದೋ?"

ಗುರುಗಳು ಮಂಜುಗಡ್ಡೆಯ ಕಣದಲ್ಲಿ ನಲವತ್ತು ವರ್ಷ ಕಲಿಸಿದ್ದರು. ಈ ಪ್ರಶ್ನೆಯನ್ನು ಯಾರೂ ಸುಮ್ಮನೆ ಕೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

"ಸ್ಪರ್ಧೆ ಯಾವತ್ತು?" ಎಂದರು.

"ಬರುವ ಭಾನುವಾರ."

"ಈಗೇಕೆ ಬಂತು ಈ ಯೋಚನೆ?"

"ನನ್ನ ಆಟದ ನಡುವೆ ಮೂರು ಸುತ್ತಿನ ಜಿಗಿತ ಇದೆಯಲ್ಲ, ಅದನ್ನು ತೆಗೆದರೆ ಸಂಗೀತಕ್ಕೆ ಚೆನ್ನಾಗಿ ಹೊಂದುತ್ತದೆ ಅನ್ನಿಸಿತು. ಜಿಗಿತ ಬರೀ ಅಂಕಕ್ಕೆ. ಕಲೆ ಅದಕ್ಕಿಂತ ಮೇಲಲ್ಲವೇ?"

"ಕಲೆ," ಎಂದರು ಗುರುಗಳು. ಆಮೇಲೆ "ಕೂತುಕೋ" ಎಂದರು. ಅವಳು ಕೂತಳು. ಅವರು ಒಂದು ಕಥೆ ಹೇಳಿದರು.

ಚಳಿಯ ನಾಡಿನಲ್ಲಿ ಒಂದು ಕೆರೆ ಇತ್ತು. ಮಾಗಿ ಬಂದರೆ ಅದು ಕಲ್ಲಿನಂತೆ ಹೆಪ್ಪುಗಟ್ಟುತ್ತಿತ್ತು. ಊರಿನ ಹುಡುಗರು ಹುಡುಗಿಯರು ಕಾಲಿಗೆ ಅಲಗಿನ ಜೋಡು ಕಟ್ಟಿ ಅದರ ಮೇಲೆ ಜಾರುತ್ತಿದ್ದರು. ವರ್ಷಕ್ಕೊಮ್ಮೆ ಪಂದ್ಯ. ಗೆದ್ದ ಒಬ್ಬರನ್ನು ರಾಜಧಾನಿಗೆ ಕಳಿಸುತ್ತಿದ್ದರು. ಹದಿನೆಂಟು ದಾಟಿದವರನ್ನು ರಾಜಧಾನಿ ತೆಗೆದುಕೊಳ್ಳುತ್ತಿರಲಿಲ್ಲ.

ತೀರ್ಪು ಹೇಳುವವರು ಮೂವರು. ಒಬ್ಬ ಉಣ್ಣೆ ವ್ಯಾಪಾರಿ, ಒಬ್ಬ ಮೇಷ್ಟ್ರು, ಒಬ್ಬಳು ಸೂಲಗಿತ್ತಿ. ಊರು ಅವರನ್ನು ನಂಬುತ್ತಿರಲಿಲ್ಲ. ಅವರು ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಗಾಳಿಯಲ್ಲಿ ಎಷ್ಟು ಸುತ್ತು ತಿರುಗಿದರು ಎಂದು ಎಣಿಸಬಹುದು. ಚೆಂದವನ್ನು ಎಣಿಸಲು ಬರುವುದಿಲ್ಲ. ಹಿಂದಿನ ವರ್ಷ ಸೂಲಗಿತ್ತಿ ತನ್ನ ತಂಗಿಯ ಮಗನನ್ನು ಚೆಂದದ ಹೆಸರಿನಲ್ಲೇ ಗೆಲ್ಲಿಸಿದ್ದಳು. ಅಂದಿನಿಂದ ಚೆಂದ ಎಂಬ ಮಾತು ಬಂದರೆ ಊರವರು ಮುಖ ಮುಖ ನೋಡುತ್ತಿದ್ದರು.

ಆ ವರ್ಷ ಕೊನೆಗೆ ಉಳಿದವರು ಇಬ್ಬರು. ಒಬ್ಬ ಕುರಿಗಾಹಿ. ಒಬ್ಬಳು ನೇಕಾರನ ಮಗಳು. ಅವಳಿಗೆ ಹದಿನೆಂಟು ತುಂಬಲು ಒಂದು ತಿಂಗಳಿತ್ತು.

ಕುರಿಗಾಹಿ ನಾಲ್ಕು ಸಲ ಹಾರಿದ. ನಾಲ್ಕು ಸಲವೂ ಮೂರು ಸುತ್ತು. ನಾಲ್ಕು ಸಲವೂ ನಿಂತ. ಒಂದು ಜಿಗಿತದಿಂದ ಇನ್ನೊಂದಕ್ಕೆ ಸಂತೆಗೆ ಹೋಗುವವನಂತೆ ಹೋದ.

ನೇಕಾರನ ಮಗಳು ಹಾಡಿನ ಜೊತೆ ಜಾರಿದಳು. ಚಳಿಗೆ ಕಾಲು ಬಡಿಯುತ್ತಿದ್ದ ಜನ ಕಾಲು ಬಡಿಯುವುದನ್ನು ಮರೆತರು. ಆದರೆ ಮೂರು ಸುತ್ತು ಬರಬೇಕಾದ ಜಾಗದಲ್ಲಿ ಅವಳು ಒಂದೇ ಸುತ್ತು ತಿರುಗಿ, ಕೈ ಬಿಡಿಸಿ, ಮೆಲ್ಲಗೆ ಇಳಿದಳು.

ಮೇಷ್ಟ್ರು ಅವಳ ಪರವಾಗಿ ಕೈ ಎತ್ತಿದ. ಸೂಲಗಿತ್ತಿಯೂ ಎತ್ತಿದಳು. ಇಬ್ಬರ ಕೈ ಸಾಕಿತ್ತು. ಇನ್ನು ಹೆಸರು ಕೂಗುವುದೊಂದೇ ಬಾಕಿ.

ವ್ಯಾಪಾರಿ ಹುಡುಗಿಯನ್ನು ಕರೆದ. "ಏನಮ್ಮಾ, ನಿನಗೆ ಮೂರು ಸುತ್ತು ಬರುತ್ತದೋ?"

"ಬರುತ್ತದೆ. ಅಲ್ಲಿ ಅದು ಬೇಕಿರಲಿಲ್ಲ. ಹಾಡು ಕೆಡುತ್ತಿತ್ತು."

"ಬಾರದವರಿಗೆಲ್ಲ ಹಾಡು ಕೆಡುತ್ತದೆ," ಎಂದ ವ್ಯಾಪಾರಿ. ಕೆಲವರು ನಕ್ಕರು. "ಸಾಣೆಯವನನ್ನು ಕರೆಯಿರಿ."

ಸಾಣೆಯವನು ಕೆರೆಯ ದಂಡೆಯಲ್ಲಿ ಎಲ್ಲರ ಅಲಗನ್ನೂ ಮಸೆದುಕೊಡುವ ಮುದುಕ. ಬೆಳಗಾಯಿತು ಎಂದರೂ ಹೊರಗೆ ಬಂದು ನೋಡುವವನು. ಇಬ್ಬರ ಜೋಡನ್ನೂ ತರಿಸಿ ಪಕ್ಕ ಪಕ್ಕ ಇಟ್ಟುಕೊಂಡ. ಅಲಗಿನ ತುದಿಯಲ್ಲಿ ಹಲ್ಲು ಇರುತ್ತದೆ. ಎಡಗಾಲಿನ ಹಲ್ಲನ್ನು ಮಂಜಿಗೆ ಕುಟ್ಟಿ ಹಾರುತ್ತಾರೆ. ಬಲಗಾಲಿನ ಹೊರ ಅಂಚಿನ ಮೇಲೆ ಇಳಿಯುತ್ತಾರೆ. ಒಂದು ಸುತ್ತಿನ ಇಳಿತ ಆ ಅಂಚನ್ನು ಮುಟ್ಟಿ ಬಿಡುತ್ತದೆ. ಮೂರು ಸುತ್ತಿನದು ಅದನ್ನು ತಿನ್ನುತ್ತದೆ.

ಮುದುಕ ಹುಡುಗಿಯ ಎಡ ಜೋಡಿನ ಹಲ್ಲಿನ ಮೇಲೆ ಹೆಬ್ಬೆರಳು ಇಟ್ಟ. ಹಲ್ಲು ಮೊಂಡಾಗಿತ್ತು. ಕುರಿಗಾಹಿಯದಕ್ಕಿಂತ ಮೊಂಡು.

"ನೋಡಿದಿರಾ, ಹಾರಿದ್ದಾಳೆ," ಎಂದ ಮೇಷ್ಟ್ರು.

ಮುದುಕ ಅವಳ ಬಲ ಜೋಡನ್ನು ಎತ್ತಿಕೊಂಡ. ಹೊರ ಅಂಚಿನ ಮೇಲೆ ಬೆರಳು ಎಳೆದ. ಆಮೇಲೆ ಕುರಿಗಾಹಿಯ ಬಲ ಜೋಡಿನ ಮೇಲೆ ಎಳೆದ. ಮತ್ತೆ ಹುಡುಗಿಯದು. ಕುರಿಗಾಹಿಯ ಅಂಚು ಹಲ್ಲಿನ ಹಿಂದೆ ಒಂದು ಬೆರಳಗಲ ಸವೆದುಹೋಗಿತ್ತು. ಹುಡುಗಿಯದು ಮುದುಕ ಮಸೆದುಕೊಟ್ಟ ಹಾಗೆಯೇ ಇತ್ತು.

ಮುದುಕ ಅವಳನ್ನು ಕೇಳಿದ. "ಎಷ್ಟು ಸಲ ಬಿದ್ದೆ, ಮಗಳೇ?"

ಅವಳು ಕೆರೆಯ ಕಡೆ ನೋಡಿದಳು. "ಲೆಕ್ಕ ಇಟ್ಟಿಲ್ಲ."

"ಒಂದು ಸಲವಾದರೂ ನಿಂತೆಯಾ?"

ಅವಳು ಇಲ್ಲ ಎಂದು ತಲೆಯಾಡಿಸಿದಳು.

ಮೇಷ್ಟ್ರು ಕೈ ಇಳಿಸಿದ. "ಬರುವುದಿಲ್ಲ ಎಂದಿದ್ದರೆ ನನ್ನ ಕೈ ಹಾಗೆಯೇ ಇರುತ್ತಿತ್ತು," ಎಂದ. ಸೂಲಗಿತ್ತಿಯೂ ಇಳಿಸಿದಳು. ಅವಳಿಗೆ ಹಿಂದಿನ ವರ್ಷದ ನೆನಪಿತ್ತು.

ಕುರಿಗಾಹಿ ರಾಜಧಾನಿಗೆ ಹೋದ. ಅಲ್ಲಿ ಮೂರು ಸುತ್ತು ಹಾರುವವರು ಬೀದಿಗೆ ಹತ್ತು ಜನ. ಅವನು ಹಾರಿದ, ನಿಂತ, ವಾಪಸು ಬಂದ. ಅವನನ್ನು ಅಲ್ಲಿ ಯಾರೂ ನೆನಪಿಡಲಿಲ್ಲ.

ನೇಕಾರನ ಮಗಳು ಊರಲ್ಲೇ ಉಳಿದಳು. ಆಮೇಲೂ ಜಾರುತ್ತಿದ್ದಳು. ಮೊದಲಿಗಿಂತ ಚೆನ್ನಾಗಿಯೇ ಜಾರುತ್ತಿದ್ದಳು. ಆದರೆ ಅವಳು ನಿಧಾನವಾಗಿ ತಿರುಗಿದರೆ ಜನ, ವೇಗ ಬಾರದೇನೋ ಎಂದರು. ಕಣ್ಣು ಮುಚ್ಚಿದರೆ, ಏನು ಮುಚ್ಚುತ್ತಿದ್ದಾಳೋ ಎಂದರು. ತೋಳು ಚಾಚಿದರೆ ಎಲ್ಲರೂ ಅವಳ ಕಾಲು ನೋಡಿದರು. ಅವಳ ಕುಣಿತವನ್ನು ಕುಣಿತವೆಂದು ನೋಡುವವರು ಆ ಊರಲ್ಲಿ ಯಾರೂ ಉಳಿಯಲಿಲ್ಲ. ಎರಡು ವರ್ಷವಾದ ಮೇಲೆ ಅವಳು ಜೋಡನ್ನು ಬಿಚ್ಚಿಟ್ಟಳು.

ಗುರುಗಳು ನಿಲ್ಲಿಸಿದರು.

ಶಿಷ್ಯೆ ಹೇಳಿದಳು: "ಅನ್ಯಾಯ, ಗುರುಗಳೇ. ಸುಳ್ಳು ಹೇಳಿದ್ದು ಅವಳ ಬಾಯಿ. ಕುಣಿತ ಸುಳ್ಳಲ್ಲವಲ್ಲ."

"ಅಲ್ಲ."

"ಮತ್ತೆ ನಾನು ಆ ಜಿಗಿತ ತೆಗೆದರೆ ಏನು ತಪ್ಪು?"

"ತಪ್ಪೇನಿಲ್ಲ, ತೆಗೆ. ನನಗೆ ಒಂದು ಮಾತು ಹೇಳು: ಅದು ನಿನಗೆ ಬೇಡವೋ, ಬಾರದೋ?"

ಶಿಷ್ಯೆ ಬಗ್ಗಿ ತನ್ನ ಬಲ ಜೋಡಿನ ಹೊರ ಅಂಚಿನ ಮೇಲೆ ಬೆರಳು ಎಳೆದಳು.