ಹೆಬ್ಬೆರಳಿನ ಗುರುತಿನ ಬಟ್ಟಲು

“ಬುದ್ಧಿ, ಹತ್ತು ಜನ ಸೇರಿ ಮಾಡಿದ ಕೆಲಸ ಕೆಟ್ಟರೆ ತಪ್ಪು ಯಾರದು?”

ಗುರುಗಳನ್ನು ಹೀಗೆ ಕೇಳಿದವನು ಮಠದ ಅಡುಗೆಮನೆಯ ಶಿಷ್ಯ ಚನ್ನವೀರ. ಅಂದು ಸಾರಿಗೆ ಉಪ್ಪು ಹೆಚ್ಚಾಗಿ ಪಂಕ್ತಿಯಲ್ಲಿ ಕೂತವರೆಲ್ಲ ನೀರು ಕುಡಿದೇ ಹೊಟ್ಟೆ ತುಂಬಿಸಿಕೊಂಡಿದ್ದರು.

“ಮೂರು ಕೊಳಗ ಅಕ್ಕಿಯ ಅನ್ನವನ್ನು ಒಬ್ಬನೇ ಬಸಿಯುವ ಗಂಡು ನಾನು. ನನ್ನ ಕೈಯಲ್ಲಿ ಉಪ್ಪು ತಪ್ಪುತ್ತದೆಯೇ? ಇದು ನನ್ನ ಜೊತೆ ಅಡುಗೆಗೆ ನಿಲ್ಲುವ ಆ ಸಂಗಯ್ಯನದೇ ಕೆಲಸ. ನಾಳೆಯಿಂದ ಅವನು ಒಲೆಯ ಹತ್ತಿರ ಬರುವುದು ಬೇಡ.”

ಗುರು ನಕ್ಕು, ಕೂರಲು ಹೇಳಿ, ಕತೆ ತೆಗೆದರು.

ಚೀನಾ ದೇಶದಲ್ಲಿ ಒಬ್ಬ ಯಜಮಾನನ ಪಿಂಗಾಣಿ ಕಾರ್ಖಾನೆ ಇತ್ತು. ಅಲ್ಲಿ ಒಂದು ಬಟ್ಟಲು ಹಲವರ ಕೈ ದಾಟಬೇಕು. ಒಬ್ಬ ಮಣ್ಣು ನಾದುತ್ತಾನೆ, ಒಬ್ಬ ತಿರುಗುವ ತಿಗರಿಯ ಮೇಲೆ ಬಟ್ಟಲಿನ ಆಕಾರ ಎತ್ತುತ್ತಾನೆ, ಒಬ್ಬ ಚಿತ್ರ ಬರೆಯುತ್ತಾನೆ. ಇನ್ನೊಬ್ಬ ಅದನ್ನು ಮೆರುಗಿನ ನೀರಿನಲ್ಲಿ ಅದ್ದುತ್ತಾನೆ. ಕೊನೆಗೆ ಬಟ್ಟಲು ಸುಡುವ ಗೂಡು, ಆವಿಗೆಯ ಬೆಂಕಿ.

ನಾಲ್ಕು ಜನರೆದುರು ಒಬ್ಬನ ಮುಖಭಂಗ ಮಾಡಬಾರದು, ತಪ್ಪು ಕಂಡಾಗ ಮೊದಲು ತನ್ನ ಕೈ ನೋಡಿಕೊಳ್ಳಬೇಕು ಎಂದು ಅಲ್ಲಿನ ಹಿರಿಯರು ಕಲಿಸಿದ್ದರು. ಅದಕ್ಕೇ ಒಂದು ಪದ್ಧತಿ. ಆವಿಗೆ ತೆರೆದಾಗ ಕೆಟ್ಟ ಬಟ್ಟಲುಗಳನ್ನು ಹಲಗೆಯ ಮೇಲಿಡುತ್ತಿದ್ದರು. ಯಾರೂ ಯಾರನ್ನೂ ಕೇಳುವಂತಿಲ್ಲ. ತನ್ನ ತಪ್ಪು ತಿಳಿದವನು ತಾನೇ ಬಂದು ಆ ಬಟ್ಟಲು ತೆಗೆದುಕೊಳ್ಳಬೇಕು. ಮುಂದಿನ ಆವಿಗೆಯವರೆಗೆ ಅದರಲ್ಲೇ ಚಹಾ ಕುಡಿಯಬೇಕು.

ಚಿತ್ರಗಾರ ಆ ವರ್ಷ ಒಂದೂ ಬಟ್ಟಲು ತೆಗೆದಿರಲಿಲ್ಲ. ಅದನ್ನು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದ. ವರ್ಷದ ಕೊನೆಯ ಆವಿಗೆಯ ನಂತರ, ತಪ್ಪಿಲ್ಲದವನನ್ನು ಮೇಸ್ತ್ರಿ ಮಾಡುವುದಾಗಿ ಯಜಮಾನ ಹೇಳಿದ್ದ.

ಆ ಆವಿಗೆಯಿಂದ ಒಂದೇ ಒಂದು ಬಟ್ಟಲು ಕೆಟ್ಟು ಬಂತು. ಅದರ ಒಂದು ಕಡೆ ಮೆರುಗು ಹಿಡಿದಿರಲಿಲ್ಲ. ಅದ್ದುವವನದೇ ತಪ್ಪು ಎಂದು ಎಲ್ಲರೂ ಮನಸ್ಸಿನಲ್ಲೇ ಅಂದುಕೊಂಡರು. ಅದ್ದುವ ಮುದುಕ ಬಂದು ಅದನ್ನು ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಯಾರೂ ಇಲ್ಲದಾಗ ಚಿತ್ರಗಾರ, ಮುದುಕ ಇಟ್ಟುಹೋಗಿದ್ದ ಬಟ್ಟಲಿನ ಆ ಬೋಳು ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟು ನೋಡಿದ. ಸರಿಯಾಗಿ ಕೂತಿತು. ಕರಿದ ತಿಂಡಿ ತಿಂದು, ಕೈ ತೊಳೆಯದೆ ಕುಂಚ ಹಿಡಿದ ದಿನ ನೆನಪಾಯಿತು. ಎಣ್ಣೆ ತಾಗಿದ ಕಡೆ ಮೆರುಗು ನಿಲ್ಲುವುದಿಲ್ಲ.

ಅವನು ಬಾಯಿ ಬಿಡಲಿಲ್ಲ. ಎದುರಿಗೇ ಮೇಸ್ತ್ರಿಯ ಕುರ್ಚಿ ಇತ್ತಲ್ಲ.

ಮುದುಕ ಮೂರು ದಿನ ಅದೇ ಬಟ್ಟಲಲ್ಲಿ ಚಹಾ ಕುಡಿದ. ಹೆಬ್ಬೆರಳಿನ ಗುರುತು ಯಾರಿಗೂ ಕಾಣದ ಹಾಗೆ ಅಂಗೈಯಲ್ಲಿ ಮುಚ್ಚಿಕೊಂಡೇ ಕುಡಿದ. ಆಗ ಚಿತ್ರಗಾರನಿಗೆ ಗೊತ್ತಾಯಿತು: ಮುದುಕನಿಗೆ ಎಲ್ಲ ಗೊತ್ತಿದೆ.

ನಾಲ್ಕನೆಯ ದಿನ, ಯಜಮಾನ ಮೇಸ್ತ್ರಿಯ ಹೆಸರು ಹೇಳಲು ಬಂದಾಗ, ಚಿತ್ರಗಾರ ಎದ್ದು ಎಲ್ಲರೆದುರು ಕೈಚಾಚಿದ.

“ಅಜ್ಜಾ, ಕೊಡು ಇಲ್ಲಿ. ಬಟ್ಟಲು ನನ್ನದು.”

“ಹೋಗೋ, ಹೋಗು! ಅದ್ದುವ ಮೊದಲು ಒರೆಸಿ ನೋಡಬೇಕಾದವನು ನಾನು. ನನ್ನದೇ.”

ಇಬ್ಬರೂ ಎಳೆದಾಡಿದರು. ಚಹಾ ಚೆಲ್ಲಿತು. ಕಾರ್ಖಾನೆಗೆ ಕಾರ್ಖಾನೆಯೇ ನಕ್ಕಿತು. ಇನ್ನೊಬ್ಬನ ಮುಖ ಉಳಿಸಿದವನೇ ಸರಿ ಎಂದು ಯಜಮಾನ ಮುದುಕನನ್ನು ಮೇಸ್ತ್ರಿ ಮಾಡಿದ. ಹೊಸ ಮೇಸ್ತ್ರಿಗೆ ಮೊದಲ ಚಹಾ ಬಗ್ಗಿಸಿದವನು ಚಿತ್ರಗಾರ, ಅದೂ ಅದೇ ಬಟ್ಟಲಿಗೆ.

ಗುರು ಕತೆ ನಿಲ್ಲಿಸಿದರು. ಚನ್ನವೀರನಿಗೆ ತಡೆಯಲಾಗಲಿಲ್ಲ.

“ಇದೆಂಥ ನ್ಯಾಯ ಬುದ್ಧಿ? ಒಪ್ಪಿಕೊಂಡವನ ಕೈಗೆ ಏನೂ ಬರಲಿಲ್ಲವಲ್ಲ!”

“ಬಂತು. ಅಂದಿನಿಂದ ಅವನು ಕೈ ತೊಳೆದು ಕುಂಚ ಹಿಡಿದ. ಅವನ ಚಹಾ ಗಂಟಲಲ್ಲಿ ಸಲೀಸಾಗಿ ಇಳಿಯಿತು.”

“ಅದಿರಲಿ ಬುದ್ಧಿ. ಸಾರಿಗೆ ಉಪ್ಪು ಸುರಿದವನು ಯಾರು, ಅದನ್ನು ಹೇಳಿ.”

“ಒಂದು ಹಿಡಿ ನಾನು ಹಾಕಿದ್ದೆ. ಚನ್ನವೀರ, ನೀನೆಷ್ಟು ಹಾಕಿದ್ದೆ?”