ಹಾಡಿನಲ್ಲಿ ಬಿಟ್ಟ ಹೆಸರು

“ಗುರುಗಳೇ, ಹಾಡು ಸತ್ತವನನ್ನು ಎಬ್ಬಿಸುವುದಿಲ್ಲ, ಕೊಂದವನ ಕೂದಲನ್ನೂ ಕೊಂಕಿಸುವುದಿಲ್ಲ. ಮತ್ತೆ ಇವರೆಲ್ಲ ಹಾಡಿ ಏನು ಪ್ರಯೋಜನ?”

ಶಿಷ್ಯ ಆಗಷ್ಟೇ ಪೇಟೆಯಿಂದ ಬಂದಿದ್ದ. ಮೈಬಣ್ಣ ಬೇರೆಯೆಂಬ ಒಂದೇ ಕಾರಣಕ್ಕೆ ಅಲ್ಲಿ ಜನ ಸೇರಿ ಒಬ್ಬನನ್ನು ಬಡಿದು ಕೊಂದಿದ್ದರು. ಅವನ ಕಡೆಯವರು ಬೀದಿಯಲ್ಲಿ ಕೂತು ಹಾಡುತ್ತಿದ್ದರು. ಅದನ್ನು ಕಂಡು ಶಿಷ್ಯನಿಗೆ ರೇಗಿತ್ತು.

“ಮೊದಲು ಕೂತುಕೋ,” ಎಂದರು ಗುರುಗಳು. “ಕೋಪ ಬಂದವನು ನಿಂತೇ ಇದ್ದರೆ ನನ್ನ ಕತ್ತು ನೋಯುತ್ತದೆ.”

ಅವನು ಕೂತ ಮೇಲೆ ಅವರು ಈ ಕತೆ ಹೇಳಿದರು.

ಕಾಡಿನಂಚಿನ ಒಂದು ಊರು. ಅಲ್ಲಿ ಕಡುಗಪ್ಪು ಮೈಯ, ಗುಂಗುರು ಕೂದಲಿನ ಒಂದಿಷ್ಟು ಜನ ಇದ್ದರು. ಹಿಂದೆಂದೋ ಅವರ ಮುತ್ತಜ್ಜಂದಿರನ್ನು ಹಡಗಿನಲ್ಲಿ ತಂದು ಮಾರಿದ್ದರು. ಎಷ್ಟು ತಲೆಮಾರು ಕಳೆದರೂ ಊರಿನವರು ಅವರನ್ನು ಕೇಳುವುದು ಒಂದೇ ಮಾತು, ನೀವು ಎಲ್ಲಿಯವರು?

ಒಂದು ದಿನ ಊರ ಧಣಿಯ ಎತ್ತು ಕಾಣೆಯಾಯಿತು. ಸೌದೆ ಹೊತ್ತು ಬರುತ್ತಿದ್ದ ಆ ಜನರಲ್ಲೊಬ್ಬ ಎದುರಾದ. ಇಂಥ ಮುಖದವನು ಕದಿಯದೆ ಇನ್ನಾರು ಕದ್ದಾರು ಎಂದು ಧಣಿ ಕಾಡಿನಲ್ಲೇ ಅವನನ್ನು ಹೊಡೆದು ಕೊಂದ. ಮರುದಿನ ಎತ್ತು ತಾನಾಗಿ ಕೊಟ್ಟಿಗೆಗೆ ಬಂತು. ಕೊಂದವನನ್ನು ಯಾರೂ ನೋಡಿಲ್ಲವೆಂದು ಊರು ಕೈತೊಳೆದುಕೊಂಡಿತು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಸತ್ತವನಿಗೆ ಒಬ್ಬ ತಂಗಿ. ಅವಳು ಆ ಧಣಿಯ ಮನೆಯಲ್ಲೇ ಭತ್ತ ಕುಟ್ಟುವವಳು. ಹೊಟ್ಟೆ ಕೇಳಬೇಕಲ್ಲ, ಅಣ್ಣನನ್ನು ಮಣ್ಣು ಮಾಡಿ ಅದೇ ಅಂಗಳಕ್ಕೆ ಬಂದಳು. ಹೊಟ್ಟೆಯೊಳಗಿನ ಬೆಂಕಿ ಮಾತ್ರ ಆರಲಿಲ್ಲ. ಅಣ್ಣನನ್ನು ಕೊಂದವನ ಹೆಸರು ಒಮ್ಮೆಯಾದರೂ ಆ ಊರಿನಲ್ಲಿ ಬಾಯಿಬಿಟ್ಟು ಹೇಳಿದ್ದು ಕೇಳಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದುದು. ಮೂವರು ಹೆಂಗಸರು ಒಂದೇ ಒರಳಿನ ಸುತ್ತ ನಿಂತು ಒನಕೆ ಎತ್ತಿದಾಗ ಅವಳು ಹಾಡು ಶುರುಮಾಡಿದಳು:

ಕಾಡಿಗೆ ಹೋದೆತ್ತು ತಾನಾಗಿ ಬಂತಲ್ಲೇ,
ಕಾಡಿಗೆ ಹೋದಣ್ಣ ಬರಲಿಲ್ಲ.
ಅಣ್ಣನ ಕೊಂದೋನ ಹೆಸರೇನೆ ಒನಕವ್ವ?
ಸೂರಪ್ಪ, ಸೂರಪ್ಪ.

ಸೂರಪ್ಪನೆಂದರೆ ಧಣಿಯೇ. ಅವನು ದೊಣ್ಣೆ ಹಿಡಿದು ಹೊರಗೆ ಬಂದ.

“ಇನ್ನೊಂದು ಸಲ ಆ ಹೆಸರು ನಿಮ್ಮ ಬಾಯಲ್ಲಿ ಬಂದರೆ, ಅವನ ಪಕ್ಕದಲ್ಲೇ ನಿಮಗೂ ಗುಂಡಿ ತೋಡಿಸುತ್ತೇನೆ.”

ಹೆಂಗಸರು ಬಾಯಿ ಮುಚ್ಚಿದರು. ಆದರೆ ಮೂರು ಒನಕೆ ಒಂದು ಒರಳಿನಲ್ಲಿ ಬೀಳುವುದು ಹಾಡಿನ ಲೆಕ್ಕದ ಮೇಲೆ. ಹಾಡು ನಿಂತಿತು, ಒನಕೆಗೆ ಒನಕೆ ತಾಗಿತು. ಒಬ್ಬಳ ಬೆರಳು ಜಜ್ಜಿಹೋಯಿತು, ಅಕ್ಕಿಯೆಲ್ಲ ನುಚ್ಚಾಯಿತು. ಧಣಿಯ ಮನೆಯಲ್ಲಿ ಮದುವೆ ಹತ್ತಿರವಿತ್ತು. ನೆಂಟರಿಗೆ ನುಚ್ಚು ಬಡಿಸಲಾದೀತೇ? ಅವನು ಹಲ್ಲು ಕಚ್ಚಿ, “ಏನು ಬೇಕಾದರೂ ಹಾಡಿಕೊಳ್ಳಿ, ಹೆಸರು ಮಾತ್ರ ಬಿಡಿ,” ಎಂದು ಜಗಲಿಯ ಮೇಲೆ ಕಾವಲು ಕೂತ. ದೊಣ್ಣೆ ತೊಡೆಯ ಮೇಲಿತ್ತು.

ಅವಳು ಮತ್ತೆ ಅದೇ ಹಾಡು ಎತ್ತಿದಳು. ‘ಹೆಸರೇನೆ ಒನಕವ್ವ’ ಎಂದು ಕೇಳಿ ಮೂವರೂ ಉಸಿರು ಹಿಡಿದರು. ಹೆಸರಿನ ಜಾಗದಲ್ಲಿ ಒನಕೆ ಮಾತ್ರ ಬಿತ್ತು. ಮತ್ತೆ ಕೇಳಿದರು, ಮತ್ತೆ ಒನಕೆ ಬಿತ್ತು. ಪ್ರತಿ ಸಲವೂ ಧಣಿ ಕೂತಲ್ಲೇ ಬೆಚ್ಚುತ್ತಿದ್ದ. ಬೈಯೋಣವೆಂದರೆ ಹಾಡಿನಲ್ಲಿ ಹೆಸರೇ ಇರಲಿಲ್ಲ.

ಆ ಸೀಮೆಯಲ್ಲಿ ಕುಟ್ಟುವವರು ಹಾಡಿನಲ್ಲಿ ಪದ ಬಿಟ್ಟರೆ, ಪಕ್ಕದಲ್ಲಿ ಮೊರ ಹಿಡಿದು ಕೇರುವವಳು ಅದನ್ನು ತುಂಬುವುದು ವಾಡಿಕೆ. ಅಂದು ಕೇರುತ್ತಿದ್ದವಳು ಧಣಿಯ ಹೆಂಡತಿ. ಅವಳ ಕಡೆಗೆ ಅವನು ತಿರುಗಿಯೂ ನೋಡಿರಲಿಲ್ಲ. ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳದ ಕಾಲ ಅದು. ಮದುವೆಯಾದ ಮೇಲೆ ಅವಳು ಒಂದು ದಿನವೂ ಹೇಳಿದವಳಲ್ಲ.

‘ಅಣ್ಣನ ಕೊಂದೋನ ಹೆಸರೇನೆ ಒನಕವ್ವ?’

“ಸೂರಪ್ಪ,” ಎಂದಿತು ಒಂದು ದನಿ.

ಒನಕೆಗಳು ನಿಂತವು. ಯಾರ ತಲೆಗೆ ಏಟು ಬೀಳುತ್ತದೋ ತಂಗಿಗೆ ತಿಳಿಯಲಿಲ್ಲ. ಧಣಿ ದೊಣ್ಣೆ ಎತ್ತಿಕೊಂಡು ಅಂಗಳಕ್ಕೆ ಹಾರಿದ.

“ಯಾರೇ ಹೇಳಿದ್ದು?”

ಹೆಂಡತಿ ಮೊರವನ್ನು ಕೆಳಗಿಟ್ಟು ಎದ್ದು ನಿಂತಳು.

“ನಾನೇ ಹೇಳಿದ್ದು. ಅವತ್ತು ನಿಮ್ಮ ಪಂಚೆಯ ರಕ್ತ ತೊಳೆದವಳೂ ನಾನೇ.”

ಎತ್ತಿದ ದೊಣ್ಣೆ ಬೀಳಲಿಲ್ಲ. ತಂಗಿ ಒನಕೆಯನ್ನು ತಬ್ಬಿಕೊಂಡು, ಅಣ್ಣ ಸತ್ತ ಮೇಲೆ ಮೊದಲ ಬಾರಿಗೆ, ಗಟ್ಟಿಯಾಗಿ ಅತ್ತಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಎದ್ದೇಬಿಟ್ಟ. “ಆಮೇಲೆ? ಆ ಕೊಲೆಗಾರನಿಗೆ ಏನಾಯಿತು? ಅವನನ್ನು ಯಾರೂ ಹಿಡಿದು ಕೇಳಲಿಲ್ಲವೇ?”

ಗುರುಗಳು ಹೇಳಿದರು: “ಬಂದಾಗ ನೀನು ಹಾಡಿದವರಿಂದ ಲೆಕ್ಕ ಕೇಳುತ್ತಿದ್ದೆ, ಈಗ ಕೊಂದವನಿಂದ ಕೇಳುತ್ತಿದ್ದೀಯೆ.”