ಕೀಲು ಕೂರಿಸಬೇಕಾದವನು

ಊರಿನ ಕಬಡ್ಡಿ ತಂಡ ಫೈನಲ್‌ನಲ್ಲಿ ಸೋತ ಮರುದಿನ ಸೋಮಲಿಂಗನೆಂಬ ಶಿಷ್ಯ ಗುರುಗಳ ಬಳಿಗೆ ಬಂದ. ಅವನ ಅಂಗೈಗೆ ಬಟ್ಟೆ ಸುತ್ತಿತ್ತು. ಪೇಟೆಯಲ್ಲಿ ಇನ್ನೂ ಒಂದು ಅಂಗಡಿಯೂ ತೆರೆದಿರಲಿಲ್ಲ.

"ಗುರುಗಳೇ, ನಿನ್ನೆ ನಾನೂ ಗುಂಪಿನಲ್ಲಿದ್ದೆ. ದಾರಿಯಲ್ಲಿ ಬರುತ್ತಿದ್ದ ಬಸ್ಸಿಗೆ ಕಲ್ಲು ಹೊಡೆದು ನಿಲ್ಲಿಸಿದೆ. ತಂಡದ ಮೇಲಿನ ಪ್ರೀತಿಗೆ ತಾನೇ ಹೊಡೆದದ್ದು? ಪ್ರೀತಿಯಿಂದ ಬಂದ ಸಿಟ್ಟೂ ತಪ್ಪೇ?"

"ಬಸ್ಸು ಕಬಡ್ಡಿ ಆಡಿತ್ತೇನಯ್ಯಾ? ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ!" ಎಂದರು ಗುರುಗಳು. ಆಮೇಲೆ ಅವನ ಕೈ ನೋಡಿ, ಕೂರಿಸಿ, ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಪೈಲ್ವಾನನಿದ್ದ, ಒಬ್ಬ ಗಾಣಿಗನಿದ್ದ. ಪೈಲ್ವಾನನ ಮೈಗೆ ತಿಕ್ಕುವ ಎಣ್ಣೆಯನ್ನು ಗಾಣಿಗ ತಾನೇ ಹೊತ್ತು ಗರಡಿಗೆ ತರುತ್ತಿದ್ದ. ಸ್ವಂತ ಮಗನ ಮೇಲೂ ಅವನಿಗೆ ಅಷ್ಟು ಅಕ್ಕರೆ ಇರಲಿಲ್ಲ.

ಆ ವರ್ಷ ಬೆಳ್ಳಿ ಗದೆಯ ಕುಸ್ತಿಗೆ ನೆರೆಯೂರಿನ ಜಟ್ಟಿ ಬಂದ. ಅವನು ಹಾಕಿದ ಒಂದು ಪಟ್ಟಿನಲ್ಲಿ ಪೈಲ್ವಾನನ ಭುಜದ ಕೀಲು ತಪ್ಪಿತು, ಬೆನ್ನು ಮಣ್ಣಿಗೆ ತಾಗಿತು. ಗದೆ ಜಟ್ಟಿಯ ಪಾಲಾಯಿತು.

ಗರಡಿಗಳಲ್ಲಿ ಒಂದು ಕಟ್ಟಳೆ ಇತ್ತು. ಗೆದ್ದವನ ಉಸ್ತಾದನೇ ಸೋತವನ ಕೀಲು ಕೂರಿಸಬೇಕು. ಪಟ್ಟು ಕಲಿಸಿದವನಿಗೆ ಅದನ್ನು ಬಿಡಿಸುವುದೂ ಗೊತ್ತು. ಬೇರೆಯವರು ಎಳೆದರೆ ತೋಳೇ ಕೆಡುತ್ತದೆ. ಭುಜ ಊದುವ ಮೊದಲು ಆ ಕೆಲಸ ಆಗಬೇಕು. ಜಟ್ಟಿಯ ಉಸ್ತಾದ ಬಿದಿರ ದಬ್ಬೆ, ಪಟ್ಟಿ, ಎಣ್ಣೆ ತರಲು ತಾನು ಇಳಿದುಕೊಂಡಿದ್ದ ಛತ್ರಕ್ಕೆ ಓಡಿದ.

ಅಷ್ಟರಲ್ಲಿ ಪೇಟೆ ಹೊತ್ತಿಕೊಂಡಿತ್ತು. ಸೋಲು ನುಂಗಲಾರದ ಜನ ಗಾಡಿಗಳನ್ನು ಉರುಳಿಸುತ್ತಿದ್ದರು, ಅಂಗಡಿಗಳನ್ನು ಮುರಿಯುತ್ತಿದ್ದರು. ಗಾಣಿಗ ಎಲ್ಲರಿಗಿಂತ ಮುಂದಿದ್ದ. ಕಂಕುಳಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಗಂಟು ಹಿಡಿದು ಉಸ್ತಾದ ಎದುರಿಗೆ ಬಂದ.

"ನಮ್ಮ ಗದೆ ಹೊತ್ಕೊಂಡು ಹೋಗ್ತಾವ್ನೆ, ಹೊಡೀರೋ!" ಎಂದು ಗಾಣಿಗ ಕೂಗಿದ.

ಉಸ್ತಾದ ಕೈಮುಗಿದು ಏನೋ ಹೇಳಿದ. ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕಲ್ಲುಗಳು ಬಿದ್ದವು. ಅವನು ಗಂಟು ಬಿಸುಟು ಓಡಿದ. ಜನ ಅವನನ್ನು ಊರಾಚೆ ಅಟ್ಟಿ, ಕೋಟೆ ಬಾಗಿಲು ಹಾಕಿ, ಪೈಲ್ವಾನನಿಗೆ ಜೈಕಾರ ಹಾಕಿದರು.

ಗಾಣಿಗ ಗಂಟು ಬಿಚ್ಚಿದ. ಒಳಗೆ ನಾಲ್ಕು ಬಿದಿರ ದಬ್ಬೆ, ಪಟ್ಟಿಯ ಸುರುಳಿ, ಎಣ್ಣೆಯ ಕುಡಿಕೆ ಇದ್ದವು. ಗರಡಿಯ ಕಟ್ಟಳೆ ಅವನಿಗೆ ಗೊತ್ತಿತ್ತು, ಸಿಟ್ಟಿನಲ್ಲಿ ಮರೆತಿದ್ದ. ಬಿದ್ದೆನೋ ಎದ್ದೆನೋ ಎಂದು ಗರಡಿಗೆ ಓಡಿದ.

ಪೈಲ್ವಾನ ಮಣ್ಣಿನ ಮೇಲೆ ತೋಳು ಹಿಡಿದು ಕೂತಿದ್ದ. ಭುಜ ಆಗಲೇ ಊದುತ್ತಿತ್ತು. ಗಾಣಿಗನನ್ನು ಕಂಡು ಅವನ ಮುಖ ಅರಳಿತು.

"ಬಂದ್ಯಾ ಅಣ್ಣಾ? ದಾರೀಲಿ ಉಸ್ತಾದ್ರು ಸಿಕ್ಕಿದ್ರಾ? ಈಗ ಬತ್ತೀನಿ ಅಂದಿದ್ರು."

ಗಾಣಿಗ ಗಂಟನ್ನು ಬೆನ್ನ ಹಿಂದೆ ಹಿಡಿದು ನಿಂತ. ವಿಷಯ ತಿಳಿದ ಜನ ಕೋಟೆ ಬಾಗಿಲು ತೆಗೆಸಿ, ಉಸ್ತಾದನನ್ನು ಕರೆತರಲು ಕುದುರೆ ಅಟ್ಟಿದರು. ಉಸ್ತಾದ ಸಿಕ್ಕಿದ್ದು ಮೂರನೆಯ ದಿನ. ಅವನು ಭುಜ ಮುಟ್ಟಿ ನೋಡಿ ತಲೆಯಾಡಿಸಿದ. ಪೈಲ್ವಾನನ ಆ ತೋಳು ಮತ್ತೆ ಎದೆಯಿಂದ ಮೇಲೆ ಏಳಲಿಲ್ಲ.

ಕತೆ ಮುಗಿಯಿತು. ಸೋಮಲಿಂಗ ಕೇಳಿದ: "ಪಾಪ, ಗಂಟಿನಲ್ಲಿ ಏನಿದೆ ಎಂದು ಗಾಣಿಗನಿಗೆ ಗೊತ್ತಿರಲಿಲ್ಲವಲ್ಲ ಗುರುಗಳೇ?"

ಗುರುಗಳು ಅವನ ಅಂಗೈಯ ಬಟ್ಟೆಯನ್ನು ಬಿಗಿಯಾಗಿ ಕಟ್ಟುತ್ತ ಹೇಳಿದರು:

"ನಿನ್ನೆ ನೀನು ಕಲ್ಲು ಹೊಡೆದು ನಿಲ್ಲಿಸಿದ ಬಸ್ಸಿಗಾಗಿ ಯಾರು ಕಾಯುತ್ತ ಕೂತಿದ್ದರು, ನಿನಗೆ ಗೊತ್ತೇ?"